ಹಾಲು ಹೆಪ್ಪುಗಟ್ಟದ ಮಳೆಗಾಲ

ಹೋದ ತಿಂಗಳು ಠಾಣೆ ಶಹರದಿಂದ ನೆರೂಳಿಗೆ ಹೊರಟಿದ್ದೆ. ಲೋಕಲ್‌ನಲ್ಲಿ ನನ್ನೆದುರು ಕೂತ ಹೆಂಗಸು ಬಟ್ಟೆಯಲ್ಲಿ ಕಟ್ಟಿದ ಮೊಸರನ್ನು ಸ್ಟೀಲ್ ಡಬ್ಬದಲ್ಲಿಟ್ಟುಕೊಂಡು ಮಗಳ ಮನೆಗೆ ಒಯ್ಯುತ್ತಿದ್ದಳು. ಅಲ್ಲಿ ಶ್ರೀಖಂಡ ಮಾಡಲಿಕ್ಕಂತೆ. ಗಾಡಿ ಒಮ್ಮೆ ಜೋಲಿ ಹೊಡೆದಾಗ ಮುಚ್ಚಳ ಸರಿದು, ಮೊಸರಿನಿಂದ ಬಸಿದ ತಿಳಿಹಸಿರು ನೀರು ನನ್ನ ಚಪ್ಪಲಿಯವರೆಗೂ ಹರಿದು ಬಂತು. "ಸಾರಿ ಹಾಂ, ತಾಈ" ಎನ್ನುತ್ತ ಆಕೆ ಕರವಸ್ತ್ರದಿಂದ ಒರೆಸತೊಡಗಿದಳು. ಪರವಾಗಿಲ್ಲ ಅಂದೆ. ಆದರೆ ಆ ಹುಳಿ ವಾಸನೆ ಮೂಗಿಗೆ ತಾಗಿದ್ದೇ ತಡ, ಮೈಯೆಲ್ಲ ಒಮ್ಮೆಲೇ ದಣಿದಂತಾಯಿತು. ಕಿಟಕಿಯಾಚೆ ತುರ್ಭೆ ದಾಟಿಹೋಗುತ್ತಿತ್ತು. ಅಲ್ಲಿ ನಾನು ಕೆಲಸ ಮಾಡಿದ ಡೇರಿ ಈಗಿಲ್ಲ. ಅದು ಎಲ್ಲಿತ್ತೆಂದು ಬೆರಳು ಮಾಡಿ ತೋರಿಸಲೂ ನನಗೆ ಆಗಲಿಕ್ಕಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಠಾಣೆಯಿಂದ ನೆರೂಳಿಗೆ ಹೋಗುವ ಈ ರೈಲು ಆಗ ಇರಲಿಲ್ಲ. ಡೊಂಬಿವಲಿಯ ಮನೆಯಿಂದ ಠಾಣೆಗೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತು ಬಂದು, ಅಲ್ಲಿಂದ ಬೇಲಾಪುರ ರಸ್ತೆಯ ಬಸ್ಸು ಹಿಡಿಯಬೇಕಿತ್ತು. ರಸ್ತೆಯ ಎರಡೂ ಬದಿಗೆ ಕೆಮಿಕಲ್ ಕಾರ್ಖಾನೆಗಳು. ಕಣ್ಣು ಮುಚ್ಚಿದ್ದರೂ ವಾಸನೆಯ ಮೇಲೆ ಯಾವ ಸ್ಟಾಪ್ ಬಂತೆಂದು ಹೇಳಬಹುದಿತ್ತು. ನಾನು ಮೈಕ್ರೋಬಯಾಲಜಿ ಓದಿದವಳು. ಡೇರಿಯಲ್ಲಿ ನನ್ನ ಕೆಲಸ ಹೆಪ್ಪು ಸಾಕುವುದು.

ಕೇಳಿದವರು ನಗುತ್ತಿದ್ದರು. ನನ್ನ ಅತ್ತೆಯಂತೂ ಕುಂದಾಪುರದವರು, ಬಾಯಿಗೆ ಬಂದದ್ದನ್ನು ನುಂಗಿದವರೇ ಅಲ್ಲ. "ಹೆಪ್ಪ್ ಹಾಕುಕೂ ಸಂಬ್ಳ ಕೊಡ್ತ್ರಾ? ನಾನ್ ಮದಿ ಆದಲ್ಲಿಂದ ಹಾಕ್ತಾ ಇದ್ದೆ, ಯಾರೂ ಒಂದ್ ಕಾಸ್ ಕೊಡ್ಲಿಲ್ಲ" ಎನ್ನುತ್ತಿದ್ದರು.

ಕಾರ್ಖಾನೆಯ ಹೆಪ್ಪು ಬೇರೆ. ಹಾಲನ್ನು ಮೊಸರು ಮಾಡುವುದು ಅದರೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಮನೆಯಲ್ಲಿ ನಿನ್ನೆಯ ಮೊಸರು ಒಂದು ಚಮಚ ಹಾಕಿದರೆ ಮುಗಿಯಿತು. ಹುಳಿ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಡೇರಿಯಲ್ಲಿ ಹಾಗಾಗುವಂತಿಲ್ಲ, ಇಂದಿನ ಪ್ಯಾಕೆಟ್ಟೂ ನಾಳೆಯ ಪ್ಯಾಕೆಟ್ಟೂ ಒಂದೇ ರುಚಿ ಇರಬೇಕು. ಅದಕ್ಕಾಗಿ ಒಂದೇ ಒಂದು ತಳಿಯ ಬ್ಯಾಕ್ಟೀರಿಯಾವನ್ನು ಬೇರೆ ಮಾಡಿ ಗಾಜಿನ ಬುರುಡೆಯಲ್ಲಿ ಬೆಳೆಸುತ್ತಿದ್ದೆವು. ತಾಯಿ ಹೆಪ್ಪು ಎಂದು ಅದರ ಹೆಸರು. ಬುರುಡೆಯಿಂದ ಕ್ಯಾನಿಗೆ, ಕ್ಯಾನಿನಿಂದ ದೊಡ್ಡ ತೊಟ್ಟಿಗೆ. ದಿನವೂ ಅದಕ್ಕೆ ಹೊಸ ಹಾಲು ಕೊಡಬೇಕು. ಒಂದು ದಿನ ತಪ್ಪಿಸಿದರೆ ತನ್ನ ಹುಳಿಯಲ್ಲಿ ತಾನೇ ಸೊರಗುತ್ತದೆ. ಹಾಗಾಗಿ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ನನ್ನ ಮಗಳಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಏಳುವ ಮೊದಲೇ ಮನೆ ಬಿಟ್ಟು ಬ್ಯಾಕ್ಟೀರಿಯಾಗಳಿಗೆ ಹಾಲು ಕುಡಿಸಲು ಓಡುತ್ತಿದ್ದೆ. ಗಂಡನಿಗೆ ಅಂಬರನಾಥದಲ್ಲಿ ಶಿಫ್ಟ್ ಕೆಲಸ. ಮಗು ಬೆಳೆದದ್ದು ಅತ್ತೆಯ ತೊಡೆಯ ಮೇಲೆ.

ಡೇರಿಯಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವಳು ನಿಂಗಮ್ಮ ಒಬ್ಬಳೇ. ವಿಜಾಪುರದ ಇಂಡಿ ಕಡೆಯವಳು. ಗುತ್ತಿಗೆಯ ಮೇಲೆ ಕ್ಯಾನು, ಬುರುಡೆ, ತೊಟ್ಟಿ ತೊಳೆಯುವ ಹೆಂಗಸರ ಗುಂಪಿಗೆ ಹಿರಿಯಳು. ನಾನು ಸೇರಿದ ಹೊಸದರಲ್ಲಿ ಒಂದು ಬುರುಡೆ ಕೈಜಾರಿ ಒಡೆದು "ಅಯ್ಯೋ ಕರ್ಮವೇ" ಎಂದಾಗ ಬಾಗಿಲಲ್ಲಿ ಇಣುಕಿದಳು.

"ಕನ್ನಡದವ್ರೇನ್ರಿ ಬಾಯಾರ?"

ಹೌದು ಅಂದೆ. ನನ್ನ ಮಾತು ಕೇಳಿ ಅವಳಿಗೆ ನಗು. "ನಿಮ್ದು ಸಾಲಿ ಪುಸ್ತಕದ ಮಾತಾತ್ರಿ" ಅಂದಳು. ಅಂದಿನಿಂದ ಚಹಾದ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ಅವಳ ಪಕ್ಕ ಕೂರುವುದು ರೂಢಿಯಾಯಿತು. ವಾಷಿಂಗ್ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ತೊಳೆದು ತೊಳೆದು ಅವಳ ಅಂಗೈ ಬಿರುಕು ಬಿಟ್ಟಿತ್ತು. ಗ್ಲಾಸು ಹಿಡಿದಾಗ ಬಿಸಿಯೇ ತಾಗುವುದಿಲ್ಲ ಎನ್ನುತ್ತಿದ್ದಳು. ಗಂಡ ಎ.ಪಿ.ಎಂ.ಸಿ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಊರಲ್ಲಿ ಒಬ್ಬಳು ಮಗಳು, ಮದುವೆಗೆ ಬಂದವಳು.

ಆ ವರ್ಷ ಜೂನ್ ತಿಂಗಳಲ್ಲಿ ಮಳೆಯ ಜೊತೆಗೇ ಡೇರಿಯಲ್ಲಿ ಶ್ರೀಖಂಡ ಶುರುವಾಯಿತು. ಶ್ರಾವಣ, ಗಣಪತಿ, ದಸರೆ ಎಂದು ಸಾಲು ಹಬ್ಬಗಳಿಗೆ ಆರ್ಡರ್ ಬಂದಿತ್ತು. ಹೆಪ್ಪು ಬೆಳೆಸುವ ನನ್ನ ಕಲ್ಚರ್ ರೂಮಿನ ಎದುರಿಗೆ ಖಾಲಿ ಬಿದ್ದಿದ್ದ ಗೋದಾಮನ್ನೇ ಶ್ರೀಖಂಡದ ಕೋಣೆ ಮಾಡಿದರು. ಅಲ್ಲಿ ಮೊಸರು ತುಂಬಿದ ಬಟ್ಟೆಯ ಚೀಲಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆಲ್ಲ ಹರಿಯುತ್ತಿತ್ತು. ಸೆಕೆಗೆಂದು ಹಾಕಿದ ದೊಡ್ಡ ಫ್ಯಾನು ಆ ಗಾಳಿಯನ್ನೆಲ್ಲ ನಡುವಿನ ಓಣಿಗೆ ದೂಡುತ್ತಿತ್ತು. ವಾಸನೆ ಬರುತ್ತದೆ ಎಂದು ನಾನು ಮ್ಯಾನೇಜರಿಗೆ ಒಮ್ಮೆ ಹೇಳಿದೆ. ಸಾವಂತ್ ಎಂದು ಅವರ ಹೆಸರು. "ಡೇರಿಯಲ್ಲಿ ಮೊಸರಿನ ವಾಸನೆ ಬರದೆ ಮತ್ತೇನು ಬರುತ್ತದೆ, ಮ್ಯಾಡಮ್?" ಎಂದು ನಕ್ಕರು.

ಜುಲೈಯಲ್ಲಿ ಮೊದಲ ಸಲ ಹಾಲು ಹೆಪ್ಪುಗಟ್ಟಲಿಲ್ಲ. ಬೆಳಿಗ್ಗೆ, ಹೆಪ್ಪು ಹಾಕಿದ ಪ್ಯಾಕೆಟ್ಟುಗಳನ್ನಿಡುವ ಬೆಚ್ಚನೆ ಕೋಣೆಯ ಬಾಗಿಲು ತೆಗೆದು ಒಂದು ಪ್ಯಾಕೆಟ್ ಎತ್ತಿ ಓರೆ ಮಾಡಿದರೆ ಒಳಗೆ ಹಾಲು ಅತ್ತಿಂದಿತ್ತ ಓಡಾಡುತ್ತಿತ್ತು. ಇನ್ನೊಂದು ಎತ್ತಿದೆ, ಮತ್ತೊಂದು ಎತ್ತಿದೆ. ಒಂದಾದರೂ ಗಟ್ಟಿಯಾಗಿರಲಿಲ್ಲ. ಕರೆಂಟು ಹೋಗಿ ಕೋಣೆ ತಣ್ಣಗಾಗಿರಬೇಕು ಅಂದುಕೊಂಡೆವು. ಮಾರನೆಯ ದಿನ ಸರಿಯಾಯಿತು. ವಾರ ಕಳೆದು ಮತ್ತೆ ಕೆಟ್ಟಿತು. ಆಮೇಲೆ ದಿನ ಬಿಟ್ಟು ದಿನ, ಆಮೇಲೆ ದಿನವೂ. ಗಟ್ಟಿಯೂ ಆಗದ, ಹಾಲೂ ಅಲ್ಲದ ಆ ಬಿಳಿ ನೀರನ್ನು ಹಿಂದಿನ ನಾಲೆಗೆ ಚೆಲ್ಲಬೇಕಾಯಿತು. ಮಳೆನೀರಿನ ಜೊತೆ ಅದು ಗುಡಿಸಲುಗಳ ಬಸ್ತಿಯ ಪಕ್ಕದಲ್ಲೇ ಹರಿದುಹೋಗುತ್ತಿತ್ತು. ಅಲ್ಲಿನ ಹೆಂಗಸರು ಕೊಡ, ಡಬ್ಬ ಹಿಡಿದು ನಾಲೆಯ ಬಾಯಿಗೆ ಬಂದು ನಿಂತರು. ವಾಚ್‌ಮನ್ ಅವರನ್ನು ಬೈದು ಓಡಿಸಿದ.

ಸಾವಂತ್ ಕೆಟ್ಟ ಮನುಷ್ಯರಲ್ಲ. ಮಾಲೀಕರು ದಿನವೂ ಫೋನು ಮಾಡಿ ಬೈಯುತ್ತಿದ್ದರು. ಸಾವಂತ್ ಗಡ್ಡ ಕೂಡ ಬೋಳಿಸದೆ ಡೇರಿಯಲ್ಲೇ ಇರತೊಡಗಿದರು. ಹಾಲು ಕಳಿಸುವವರನ್ನು ಕೇಳಿದರು, ಬಾಯ್ಲರು ಬಿಚ್ಚಿಸಿದರು, ನನ್ನನ್ನು ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಪ್ರಶ್ನೆ ಕೇಳಿದರು. ಏನೂ ಸಿಗದಾಗ ಅವರ ಕಣ್ಣು ತೊಳೆಯುವ ಹೆಂಗಸರ ಮೇಲೆ ಬಿತ್ತು. ಕ್ಯಾನಿನಲ್ಲಿ ಸೋಡಾ ಉಳಿದರೆ ಹೆಪ್ಪು ಸಾಯುತ್ತದೆ, ಅದು ನಿಜ. ಇವರು ಸರಿಯಾಗಿ ಜಾಲಿಸುತ್ತಿಲ್ಲ ಎಂದು ಅವರು ತೀರ್ಮಾನಿಸಿದರು.

ಒಂದು ಮಧ್ಯಾಹ್ನ ಎಲ್ಲ ಹೆಂಗಸರನ್ನೂ ಲೋಡಿಂಗ್ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಲಾರಿಯವರು, ಪ್ಯಾಕಿಂಗಿನವರು ಎಲ್ಲ ನೋಡುತ್ತಿದ್ದರು. ಸಾವಂತ್ ನನ್ನ ಲ್ಯಾಬಿನಿಂದ ಲಿಟ್ಮಸ್ ಕಾಗದದ ಕಟ್ಟು ತರಿಸಿದ್ದರು. ಸೋಡಾದಂಥ ಕ್ಷಾರ ತಾಗಿದರೆ ನೀಲಿಗೆ ತಿರುಗುವ ಕೆಂಪು ಕಾಗದ. ಒಬ್ಬೊಬ್ಬರ ಕೈ ಚಾಚಿಸಿ, ಒದ್ದೆ ಅಂಗೈಗೆ ಕಾಗದ ಒತ್ತಿ ಎತ್ತಿ ಎಲ್ಲರಿಗೂ ತೋರಿಸಿದರು. ಎಲ್ಲವೂ ನೀಲಿ.

"ದೇಖಾ? ಯೇ ಹಾಥ್ ಲೇಕೆ ಬರ್ತನ್ ಧೋತೀ ಹೈಂ" ಎಂದರು, ಇಂಥ ಕೈಯಲ್ಲಿ ಪಾತ್ರೆ ತೊಳೆಯುತ್ತಾರೆ ನೋಡಿ ಎಂಬಂತೆ.

ನಿಂಗಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ಬಾಯಾರ, ಮುಂಜಾನಿಂದ ಸೋಡಾದಾಗ ಕೈ ಇಟ್ಕೊಂಡ್ ಕುಂತವ್ರ ಕೈಯಾಗ ಸೋಡಾ ಬರದ ಮತ್ತೇನ್ ಬರ್ತೈತ್ರಿ? ಸಾಹೇಬ್ರಿಗೆ ನೀವರ ಹೇಳ್ರಿ."

ನಾನು ಹೇಳಿದೆ. ಕೈಯನ್ನಲ್ಲ, ತೊಳೆದಿಟ್ಟ ಕ್ಯಾನನ್ನು ನೋಡಬೇಕು ಸರ್ ಎಂದೆ. ಅಲ್ಲೇ ಒಂದು ಕ್ಯಾನಿನೊಳಗೆ ಕಾಗದ ಒತ್ತಿ ತೋರಿಸಿದೆ. ಅದು ಕೆಂಪಾಗಿಯೇ ಇತ್ತು. "ಇವತ್ತು ಹೆದರಿ ಸರಿಯಾಗಿ ತೊಳೆದಿದ್ದಾರೆ" ಎಂದರು ಸಾವಂತ್. ಹೀಗೇ ಮುಂದುವರಿದರೆ ತಿಂಗಳ ಕೊನೆಗೆ ಇಡೀ ಗುಂಪನ್ನು ಬದಲಿಸುವುದಾಗಿ, ಹೆಂಗಸರನ್ನು ಗುತ್ತಿಗೆಗೆ ತಂದ ಮುಕಾದಮನಿಗೆ ಹೇಳಿ ಒಳಗೆ ಹೋದರು. ಹೆಂಗಸರಲ್ಲಿ ಚಿಕ್ಕವಳೊಬ್ಬಳು ಅಳತೊಡಗಿದಳು. ನಿಂಗಮ್ಮ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಅದೇ ವಾರ ಮಗಳಿಗೆ ಜ್ವರ ಬಂತು. ರಜೆ ಕೇಳುವ ಪರಿಸ್ಥಿತಿ ಇರಲಿಲ್ಲ. ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು. "ಮಗಿನ ಮೈ ಕೆಂಡ ಆಯಿತ್. ಇವತ್ತೂ ಹೋತ್ಯಾ?"

"ಸಂಜೆ ಬೇಗ ಬರ್ತೇನೆ ಅತ್ತೆ."

"ಬೇಗ ಬಪ್ಪುದ್ ನಿನ್ನ ಕೈಯಗಿಲ್ಲ. ಮಳಿ ಕಾಣ್."

ಅವರು ಹೇಳಿದಂತೆಯೇ ಆಯಿತು. ಮಧ್ಯಾಹ್ನ ಡೇರಿ ಬಿಟ್ಟವಳು ಠಾಣೆಗೆ ಬರುವಷ್ಟರಲ್ಲಿ ಹಳಿಗಳ ಮೇಲೆ ನೀರು ನಿಂತಿತ್ತು. ಸಿಕ್ಕ ಗಾಡಿ ದಿವಾ ಸ್ಟೇಷನ್ ದಾಟಿ ನಿಂತೇಬಿಟ್ಟಿತು. ಎಷ್ಟು ಕಾದರೂ ಅಲುಗಾಡಲಿಲ್ಲ. ಕೊನೆಗೆ ಹೆಂಗಸರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಕೆಳಗಿಳಿದು ಹಳಿಗುಂಟ ನಡೆದೆವು. ಕೊಡೆ ಗಾಳಿಗೆ ಮಗುಚಿತು. ಪಕ್ಕದಲ್ಲಿ ಬರುತ್ತಿದ್ದ ಬ್ಯಾಂಕಿನ ಹುಡುಗಿ ಒಂದೇ ಸಮನೆ ಅಳುತ್ತಿದ್ದಳು. ಅಳಲೂ ನನಗೆ ತ್ರಾಣವಿರಲಿಲ್ಲ. ಡೊಂಬಿವಲಿಯ ಮನೆ ಸೇರಿದಾಗ ಮಗು ಔಷಧ ಕುಡಿದು ಮಲಗಿತ್ತು. ಮುಟ್ಟಿದೆ. ಜ್ವರ ಇಳಿದಿತ್ತು. ನನ್ನ ತಣ್ಣನೆ ಕೈಗೆ ಬೆಚ್ಚಿ ಕಣ್ಣು ಬಿಟ್ಟು, ನನ್ನನ್ನು ನೋಡಿ ಅತ್ತೆಯ ಕಡೆಗೆ ಕೈ ಚಾಚಿತು.

ಅತ್ತೆ ಮಗುವನ್ನೆತ್ತಿ ಸಮಾಧಾನ ಮಾಡಿ, ನನಗೆ ಅನ್ನ ಬಡಿಸಿ ಮೊಸರಿನ ಪಾತ್ರೆ ಮುಂದಿಟ್ಟರು. ಮೊಸರು ಗಟ್ಟಿಯಾಗಿತ್ತು. ಕರೆಂಟು ಹೋಗಲಿ, ಮಳೆ ಬರಲಿ, ಅವರ ಮೊಸರು ಒಂದು ದಿನವೂ ಕೈಕೊಟ್ಟಿರಲಿಲ್ಲ. ನಮ್ಮದು ಮಾತ್ರ ಯಾಕೆ ಸಾಯುತ್ತಿದೆ ಎಂದು ಕಲಸುತ್ತ ಯೋಚಿಸಿದೆ. ಮನೆಯ ಹೆಪ್ಪಿನಲ್ಲಿ ಹತ್ತಾರು ತಳಿಗಳು ಬೆರೆತಿರುತ್ತವೆ, ಒಂದು ಸತ್ತರೆ ಇನ್ನೊಂದು ಹಾಲನ್ನು ಗಟ್ಟಿ ಮಾಡುತ್ತದೆ. ನಮ್ಮದು ಒಂದೇ ತಳಿ. ಅದನ್ನು ಮಾತ್ರ ಹುಡುಕಿ ಕೊಲ್ಲುವಂಥದು ಏನಾದರೂ ಇದ್ದರೆ? ಕಾಲೇಜಿನಲ್ಲಿ ಓದಿದ ಅರ್ಧ ಪುಟ ನೆನಪಾಯಿತು. ಬ್ಯಾಕ್ಟೀರಿಯಾಕ್ಕೂ ವೈರಸ್ಸುಗಳಿವೆ, ಫೇಜ್ ಎನ್ನುತ್ತಾರೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ತನ್ನ ತಳಿ ಸಿಕ್ಕರೆ ಮಾತ್ರ ಒಳಹೊಕ್ಕು, ಬೆಳೆದು, ಅದನ್ನು ಒಡೆದು ಹೊರಬರುತ್ತದೆ. ಮೊಸರಿನಿಂದ ಬಸಿದ ನೀರಿನಲ್ಲಿ ಅವು ತುಂಬಿರುತ್ತವೆ, ಗಾಳಿಯಲ್ಲಿ ತೇಲುವ ತುಂತುರಿನಲ್ಲೂ ಬದುಕುತ್ತವೆ. ನಮ್ಮ ಓಣಿ, ಎದುರಿನ ಕೋಣೆ, ಆ ಫ್ಯಾನು ಕಣ್ಣ ಮುಂದೆ ಬಂದವು.

ಮಾರನೆಯ ದಿನ ಲ್ಯಾಬಿನಲ್ಲಿ ಪರೀಕ್ಷೆಗೆ ಕೂತೆ. ಹೊಸ ಹಾಲು, ಹೊಸ ಹೆಪ್ಪು ಹಾಕಿದ ಗಾಜಿನ ನಳಿಗೆಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದಕ್ಕೆ ಶ್ರೀಖಂಡದ ಕೋಣೆಯ ನೆಲದ ನೀರು ಒಂದು ಹನಿ. ಅದು ಗಟ್ಟಿಯಾಗಲಿಲ್ಲ. ಅದರಿಂದ ಒಂದು ಹನಿ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ. ಸೋಡಾ ಕಾರಣವಾಗಿದ್ದರೆ ಹನಿಯಿಂದ ಹನಿಗೆ ತೆಳುವಾಗಿ ಇಲ್ಲವಾಗಬೇಕಿತ್ತು. ಇದು ಕಡಿಮೆಯಾಗಲೇ ಇಲ್ಲ. ಕೊನೆಯ ನಳಿಗೆಯೂ ನೀರಿನಂತೆಯೇ ಉಳಿಯಿತು. ಅದೇ ನೆಲದ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಇನ್ನೊಂದು ನಳಿಗೆಗೆ ಹಾಕಿದೆ. ಅದು ಕಲ್ಲಿನಂತೆ ಗಟ್ಟಿಯಾಯಿತು. ಕುದಿಸಿದರೆ ಸೋಡಾ ಸಾಯುವುದಿಲ್ಲ. ಇಲ್ಲಿ ಸತ್ತದ್ದು ಜೀವವಿದ್ದದ್ದೇ.

ನಳಿಗೆಗಳನ್ನು ಸ್ಟ್ಯಾಂಡಿನಲ್ಲಿಟ್ಟುಕೊಂಡು ಸಾವಂತ್ ಕೋಣೆಗೆ ಹೋದೆ. ಅವರು ಒಂದೊಂದನ್ನೂ ಎತ್ತಿ ಓರೆ ಮಾಡಿ ನೋಡಿದರು. ಮೊದಲು "ಯೇ ಸಬ್ ಕಾಲೇಜ್ ಕೀ ಬಾತೇಂ" ಎಂದು ತಳ್ಳಿಹಾಕಿದರು. ನಾನು ಇನ್ನೊಮ್ಮೆ ಅವರೆದುರಿಗೇ ಮಾಡಿ ತೋರಿಸುತ್ತೇನೆ ಅಂದೆ. ಎರಡು ದಿನ ಪಕ್ಕದಲ್ಲೇ ನಿಂತು ನೋಡಿದರು. ಕೊನೆಯ ನಳಿಗೆಯನ್ನು ಮತ್ತೊಮ್ಮೆ ಓರೆ ಮಾಡಿ ನೋಡಿ, ಮೆಲ್ಲಗೆ ಮರಾಠಿಯಲ್ಲಿ "ಬರೋಬರ್ ಆಹೇ" ಅಂದರು. ಸರಿ ಇದೆ ಎಂಬ ಆ ಎರಡು ಪದಕ್ಕಾಗಿ ನಾನು ಎಷ್ಟು ದಿನದಿಂದ ಕಾಯುತ್ತಿದ್ದೆನೋ! ಅವರು ಹೇಳುವ ಮೊದಲೇ ಕುರ್ಚಿಯಲ್ಲಿ ಕೂತುಬಿಟ್ಟೆ.

"ಹಾಗಾದರೆ ಆ ಹೆಂಗಸರನ್ನು ಕರೆದು ಒಂದು ಮಾತು ಹೇಳಿ ಸರ್. ತಪ್ಪು ಅವರದಲ್ಲ ಅಂತ."

"ಹೇಳೋಣ, ಹೇಳೋಣ. ಮೊದಲು ಹಾಲು ಗಟ್ಟಿಯಾಗಲಿ" ಎಂದರು ಅವರು.

ಫ್ಯಾನು ತೆಗೆಸಿದರು. ಶ್ರೀಖಂಡದ ಕೋಣೆಯ ಬಾಗಿಲಿಗೆ ಗೋಡೆ ಕಟ್ಟಿ ಆಚೆ ಕಡೆಯಿಂದ ದಾರಿ ಮಾಡಿದರು. ಓಣಿ, ಗೋಡೆ, ಸೂರು ಎಲ್ಲವನ್ನೂ ಕ್ಲೋರಿನ್ ನೀರಿನಲ್ಲಿ ತೊಳೆಯಬೇಕಿತ್ತು. ತೊಳೆದವರು ಅದೇ ಹೆಂಗಸರು. ಕ್ಲೋರಿನ್ ಘಾಟಿಗೆ ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಬೊಂಬಿನ ತುದಿಗೆ ಬಟ್ಟೆ ಕಟ್ಟಿ ಸೂರು ಒರೆಸಿದರು. ನಾನು ನಿಂಗಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಣ್ಣಿಗೆ ಕಾಣದ ಒಂದು ರೋಗ ನಮ್ಮ ಹೆಪ್ಪಿಗೆ ಬಡಿದಿತ್ತು, ನಿಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ ಎಂದೆ.

"ಹೆಪ್ಪಿಗೂ ಜಡ್ಡು ಬರ್ತೈತೇನ್ರಿ?" ಎಂದು ಬೆರಗಾದಳು. ಆಮೇಲೆ ಉಳಿದವರನ್ನು ಕೂಗಿ ಹೇಳಿದಳು. ಒಂದು ತಿಂಗಳಲ್ಲಿ ಮೊದಲ ಸಲ ಅವರು ನಗುವುದು ಕೇಳಿಸಿತು.

ಫ್ರಿಜ್‌ನಲ್ಲಿ ಬೇರೆಯಾಗಿ ಕಾಪಾಡಿಟ್ಟಿದ್ದ ಇನ್ನೊಂದು ತಳಿಯನ್ನು ಎಬ್ಬಿಸಿದೆ. ಗಣಪತಿ ಹಬ್ಬದ ಹೊತ್ತಿಗೆ ಮೊಸರು ಗಟ್ಟಿಯಾಗತೊಡಗಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾಲೀಕರು ಹೆದರಿದ್ದರು. ಆಗಷ್ಟೇ ಪರದೇಶದ ಒಣ ಹೆಪ್ಪು ಇಲ್ಲಿಗೆ ಬರತೊಡಗಿತ್ತು. ಬೆಳ್ಳಿ ಬಣ್ಣದ ಪೊಟ್ಟಣ, ಕತ್ತರಿಸಿ ನೇರವಾಗಿ ತೊಟ್ಟಿಗೆ ಸುರಿದರೆ ಆಯಿತು. ಬುರುಡೆ ಬೇಡ, ಕ್ಯಾನು ಬೇಡ, ದಿನವೂ ಸಾಕುವ ಕಷ್ಟ ಬೇಡ. ಫೇಜ್ ಬಗ್ಗೆ ನಾನು ಬರೆದುಕೊಟ್ಟಿದ್ದ ವರದಿಯನ್ನೇ ಮೇಜಿನ ಮೇಲಿಟ್ಟುಕೊಂಡು, ತಾಯಿ ಹೆಪ್ಪು ಇಟ್ಟುಕೊಳ್ಳುವುದು ಅಪಾಯ ಎಂದು ಅವರು ತೀರ್ಮಾನಿಸಿದರು. ಪೊಟ್ಟಣದ ಹೆಪ್ಪಿನಿಂದ ಮೊಸರು ಚೆನ್ನಾಗಿಯೇ ಬಂತು. ನಾನೇ ಪರೀಕ್ಷೆ ಮಾಡಿ ಸಹಿ ಹಾಕಿದೆ.

ಕಲ್ಚರ್ ರೂಮ್ ಮುಚ್ಚುವ ದಿನ ಬುರುಡೆಗಳಲ್ಲಿದ್ದದ್ದನ್ನೆಲ್ಲ ಆವಿಯಲ್ಲಿ ಬೇಯಿಸಿ ಕೊಲ್ಲುವುದೂ ನನ್ನ ಕೆಲಸವೇ ಆಯಿತು. ಒಂದಿಷ್ಟು ಮನೆಗೆ ತರಬಹುದಿತ್ತು. ತರಲಿಲ್ಲ. ಸಾಕಾಗಿತ್ತು. ಆಟೋಕ್ಲೇವಿನ ಮುಚ್ಚಳ ಬಿಗಿದು ಸ್ಟೂಲಿನ ಮೇಲೆ ಕೂತೆ. ಸೀಟಿ ಹೊಡೆಯುತ್ತ ಆವಿ ಹೊರಬರುತ್ತಿದ್ದಾಗ ಬಾಗಿಲಲ್ಲಿ ನಿಂಗಮ್ಮ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು.

"ತೊಳಿಯಾಕ ಕ್ಯಾನ್ ಇಲ್ಲಂದ್ಮ್ಯಾಲ ತೊಳಿಯವ್ರು ಯಾಕ ಅಂದ್ರು ಮುಕಾದಮ್ರು. ಇವತ್ತಿಗೆ ನಮ್ದು ಮುಗೀತ್ರಿ."

ನನಗೆ ಗೊತ್ತಿರಲಿಲ್ಲ. ಎದ್ದು ಸಾವಂತ್ ಕೋಣೆಗೆ ಓಡಿದೆ. ಇಬ್ಬರನ್ನಾದರೂ ಪ್ಯಾಕಿಂಗಿಗೆ ತೆಗೆದುಕೊಳ್ಳಿ ಎಂದೆ. ಗುತ್ತಿಗೆಯವರು ನನ್ನ ಕೈಯಲ್ಲಿಲ್ಲ ಎಂದರು. ಹಾಗಾದರೆ ಹೋಗುವ ಮುಂಚೆ ಆ ಒಂದು ಮಾತನ್ನಾದರೂ ಹೇಳಿ ಸರ್ ಅಂದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಈಗ ಆ ಮಾತು ಎತ್ತಿದರೆ ಅವರಿಗೇ ಬೇಜಾರು, ಮ್ಯಾಡಮ್. ಜಾನೇ ದೋ" ಎಂದರು. ನಾನು ಮರಳಿ ಬರುವಷ್ಟರಲ್ಲಿ ಹೆಂಗಸರು ಗೇಟು ದಾಟಿದ್ದರು.

ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಹಗಲಿನ ಕೆಲಸ, ಭಾನುವಾರ ರಜೆ. ಮೊದಲ ಭಾನುವಾರ ಇಡೀ ದಿನ ಮಲಗಿದೆ. ಮಗು ನನ್ನ ಕೈಗೆ ಬರಲು ದೀಪಾವಳಿಯಾಗಬೇಕಾಯಿತು. ಅವಳು ಬಂದ ದಿನ ಅತ್ತೆ ಅಡುಗೆಮನೆಗೆ ಹೋಗಿ ತುಂಬ ಹೊತ್ತು ಪಾತ್ರೆ ತೊಳೆಯುತ್ತ ನಿಂತಿದ್ದರು.

ಚಳಿಗಾಲದಲ್ಲಿ ಒಂದು ಸಂಜೆ ತುರ್ಭೆಯ ಬಸ್ ಸ್ಟಾಪಿಗೆ ಮಾರ್ಕೆಟ್ಟಿನ ಬದಿಯಿಂದ ನಡೆದು ಹೋಗುತ್ತಿದ್ದೆ. ಉಳ್ಳಾಗಡ್ಡಿಯ ಗುಡ್ಡೆಯ ಸುತ್ತ ಹೆಂಗಸರು ಕೂತು ಕೊಳೆತದ್ದನ್ನು ಆರಿಸುತ್ತಿದ್ದರು. "ಬಾಯಾರ!" ಎಂದು ಕೂಗು ಕೇಳಿಸಿತು. ನಿಂಗಮ್ಮ ಸೆರಗು ಕೊಡವುತ್ತ ಎದ್ದು ಬಂದಳು. ಇನ್ನಷ್ಟು ಬತ್ತಿದ್ದಳು. ಮಗಳ ಮದುವೆಯನ್ನು ಮುಂದಿನ ವರ್ಷಕ್ಕೆ ದೂಡಿದ್ದಾರಂತೆ. ಇಲ್ಲಿ ಕೂಲಿ ಕಡಿಮೆ, ಆದರೆ ದಿನವೂ ಕೆಲಸ ಇದೆ ಅಂದಳು. ಡೇರಿಯ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಒಂದ್ ಕೇಳ್ಲೇನ್ರಿ? ನಾವ್ ಬಿಟ್ ಬಂದ್ಮ್ಯಾಲರ ಸಾಹೇಬ್ರು ಬಾಯಿ ಬಿಟ್ಟು ಹೇಳಿದ್ರೇನ್ರಿ, ನಮ್ ಕೈದು ತಪ್ಪಿಲ್ಲಂತ? ಆ ಲಾರಿಯವ್ರ ಮುಂದ, ಯಾರ್ ಮುಂದರ?"

"ನಾನು ಎಲ್ಲರಿಗೂ ಹೇಳಿದ್ದೇನೆ, ನಿಂಗಮ್ಮ."

"ನೀವ್ ಹೇಳೀರಿ, ನಂಗೊತ್ತೈತ್ರಿ. ಅವ್ರು?"

ಹೇಳಿದರು ಅಂದುಬಿಡಬಹುದಿತ್ತು. ಅವಳು ಹೋಗಿ ಕೇಳುವಂತಿರಲಿಲ್ಲ. ನಾಲಿಗೆಯ ತುದಿಯವರೆಗೆ ಬಂತು ಕೂಡ.

"ಇಲ್ಲ ನಿಂಗಮ್ಮ. ಅವರು ಹೇಳಲಿಲ್ಲ."

ಅವಳು ತಲೆಯಾಡಿಸಿದಳು. "ನನ್ನ ಸಮಾಧಾನಕ್ಕ ಹೇಳ್ಯಾರ ಅಂತೀರಿ ಅಂದ್ಕೊಂಡಿದ್ದೆ, ನೋಡ್ರಿ" ಎಂದಳು. ಸಿಟ್ಟಿರಲಿಲ್ಲ ಅದರಲ್ಲಿ. ಗುಡ್ಡೆಯ ಆಚೆಯಿಂದ ಅಲ್ಲಿನ ಮುಕಾದಮ ಕರೆದ. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಮಗಳು ನಡಿಲಾಕ ಹತ್ತ್ಯಾಳೇನ್ರಿ?"

"ಹೂಂ. ಗೋಡೆ ಹಿಡ್ಕೊಂಡು ನಡೀತಾಳೆ."

"ಬೀಳ್ತಾಳ, ಏಳ್ತಾಳ. ಅಂಜಬ್ಯಾಡ್ರಿ" ಅಂದು, ಸೆರಗು ತಲೆಗೆ ಹಾಕಿಕೊಂಡು ಉಳ್ಳಾಗಡ್ಡಿಯ ಗುಡ್ಡೆಯ ಹಿಂದೆ ಹೋದಳು.